ಅತಿವಾಹಕತೆಗಾಗಿ ಬೋರಾನ್ ವಜ್ರ ಕೊಳ್ಳುವವರಿಗೆ: ಮಾರುಕಟ್ಟೆಯಲ್ಲಿರುವ ಪದರಗಳ ವಿಮರ್ಶೆ

ಮಾರಾಟಗಾರರ ಪಟ್ಟಿಯಲ್ಲಿ 'ಹೆವಿಲಿ ಬೋರಾನ್ ಡೋಪ್ಡ್ ಡೈಮಂಡ್' (ಬೋರಾನ್ ಹೆಚ್ಚಾಗಿ ಬೆರೆಸಿದ ವಜ್ರ) ಎಂದು ಬರೆದಿದ್ದರೆ ಅದು ಅತಿವಾಹಕವೇ, ಅಂದರೆ ಚೆನ್ನಾಗಿ ತಣಿಸಿದಾಗ ವಿದ್ಯುತ್ ರೋಧ ಪೂರ್ತಿ ಶೂನ್ಯವಾಗುವ ವಸ್ತುವೇ ಆಗಿರಬೇಕೆಂದಿಲ್ಲ. ಈ ವಸ್ತುವನ್ನು ಮುಖ್ಯವಾಗಿ ತಯಾರಿಸುವುದು ಕೊಳಚೆ ನೀರಿನ ಶುದ್ಧೀಕರಣ, ಓಜೋನ್ ಉತ್ಪಾದನೆ ಮತ್ತು ರಾಸಾಯನಿಕ ಸೆನ್ಸರ್‌ಗಳ ವಿದ್ಯುದ್ವಾರಗಳಿಗಾಗಿ. ಅಲ್ಲಿ ಕೋಣೆಯ ಉಷ್ಣಾಂಶದಲ್ಲಿ ಚೆನ್ನಾಗಿ ವಿದ್ಯುತ್ ಹರಿದರೆ ಕೆಲಸ ಮುಗಿಯಿತು. 3 ಕೆಲ್ವಿನ್‌ನಲ್ಲಿ ಏನಾಗುತ್ತದೆ ಎಂದು ಆ ಗ್ರಾಹಕರು ಕೇಳುವುದಿಲ್ಲ, ತಯಾರಕರು ಅಳೆಯುವುದೂ ಇಲ್ಲ. ಪ್ರಯೋಗಾಲಯದವರು ಅದೇ ಸರಕನ್ನು ತರಿಸಿ ಕ್ರಯೋಸ್ಟಾಟ್‌ಗೆ (ಅತಿ ಕಡಿಮೆ ಉಷ್ಣಾಂಶಕ್ಕೆ ತಣಿಸುವ ಪಾತ್ರೆ) ಇಳಿಸಿದಾಗ ಪೋಲಾಗುವುದು ಹಣವಷ್ಟೇ ಅಲ್ಲ, ದ್ರವ ಹೀಲಿಯಂ ಕೂಡ. ಆದ್ದರಿಂದ ಈ ವಿಮರ್ಶೆಯಲ್ಲಿ ಯಾವ ಕಂಪನಿ ಒಳ್ಳೆಯದು ಎಂಬ ಚರ್ಚೆ ಇಲ್ಲ. ಯಾವ ಬಗೆಯ ಪದರ ಅತಿವಾಹಕತೆಗೆ ಒದಗುತ್ತದೆ, ಅದನ್ನು ತಣಿಸುವ ಮೊದಲೇ ಕಂಡುಕೊಳ್ಳುವುದು ಹೇಗೆ ಎಂಬುದನ್ನಷ್ಟೇ ನೋಡೋಣ.

ಮೊದಲು ಒಂದು ಸಂಖ್ಯೆ. ವಜ್ರದ ಪ್ರತಿ ಘನ ಸೆಂಟಿಮೀಟರಿನಲ್ಲಿ 1.76×10²³ ಇಂಗಾಲದ ಪರಮಾಣುಗಳಿವೆ. ಅವುಗಳ ಜಾಗದಲ್ಲಿ ಕೂತ ಬೋರಾನ್ ಪರಮಾಣುಗಳ ಸಂಖ್ಯೆ ಸುಮಾರು 4 ರಿಂದ 5×10²⁰ ದಾಟಿದಾಗ ವಜ್ರ ಅರೆವಾಹಕವಾಗಿ ಉಳಿಯದೆ ಲೋಹದಂತೆ ವರ್ತಿಸುತ್ತದೆ. ಅತಿವಾಹಕತೆಯ ಬಾಗಿಲು ತೆರೆಯುವುದೂ ಅಲ್ಲಿಂದಲೇ. ಅಂದರೆ ನಾನೂರು ಇಂಗಾಲಕ್ಕೆ ಒಂದು ಬೋರಾನ್ ಆದರೂ ಇರಬೇಕು. ಗಡಿ ದಾಟಿದ ಹೊಸದರಲ್ಲಿ ಸಂಕ್ರಮಣ ಉಷ್ಣಾಂಶ, ಅಂದರೆ ವಸ್ತು ಅತಿವಾಹಕವಾಗಿ ಬದಲಾಗುವ ಉಷ್ಣಾಂಶ, ಒಂದೆರಡು ಕೆಲ್ವಿನ್ ಅಷ್ಟೇ. ದ್ರವ ಹೀಲಿಯಂ ಕುದಿಯುವ 4.2 ಕೆಲ್ವಿನ್‌ನಲ್ಲೇ ಶೂನ್ಯ ರೋಧ ಬೇಕೆಂದರೆ ಬೋರಾನ್ ಪ್ರಮಾಣ 10²¹ರ ಕೆಲವು ಪಟ್ಟು ಇರಬೇಕು, ಪದರವೂ ಒಳ್ಳೆಯದಿರಬೇಕು. ನಮ್ಮ ಕೃಷ್ಣಾ ತೀರದ ಕೊಲ್ಲೂರು ಗಣಿಯದೆಂದು ನಂಬಲಾದ ಹೋಪ್ ವಜ್ರದ ನೀಲಿಗೂ ಬೋರಾನೇ ಕಾರಣ. ಆದರೆ ಅದರಲ್ಲಿರುವುದು ಹತ್ತು ಲಕ್ಷ ಪರಮಾಣುಗಳಿಗೆ ಬೆರಳೆಣಿಕೆಯಷ್ಟು. ಅತಿವಾಹಕತೆಗೆ ಬೇಕಾದದ್ದಕ್ಕಿಂತ ಅದೆಷ್ಟೋ ನೂರು ಪಟ್ಟು ಕಡಿಮೆ.

ಈ ಸಂಖ್ಯೆಯನ್ನು ಕೈಯಲ್ಲಿ ಹಿಡಿದು ಪಟ್ಟಿ ಓದಿದರೆ ಮೊದಲ ಎಡವಟ್ಟು ಕಾಣುತ್ತದೆ. ಹೆಚ್ಚಿನವರು ಬರೆಯುವುದು 'ಬಿ/ಸಿ 5000 ಪಿಪಿಎಂ' (ಹತ್ತು ಲಕ್ಷ ಇಂಗಾಲಕ್ಕೆ 5000 ಬೋರಾನ್) ಎಂಬಂಥ ಅಂಕಿ. ಅದು ಬೆಳೆಸುವಾಗ ರಿಯಾಕ್ಟರಿಗೆ ಬಿಟ್ಟ ಅನಿಲದಲ್ಲಿನ ಅನುಪಾತವೇ ಹೊರತು ಪದರದೊಳಗಿನ ಬೋರಾನ್ ಅಲ್ಲ. ಅನಿಲದಿಂದ ಪದರಕ್ಕೆ ಎಷ್ಟು ಸೇರುತ್ತದೆ ಎಂಬುದು ಉಷ್ಣಾಂಶ, ಮೀಥೇನ್ ಪ್ರಮಾಣ ಮತ್ತು ಮುಖ್ಯವಾಗಿ ಸ್ಫಟಿಕದ ಮುಖವನ್ನು ಅವಲಂಬಿಸಿದೆ. ಒಂದೇ ಅನಿಲದಲ್ಲಿ (111) ಎಂದು ಗುರುತಿಸುವ ಮುಖ (100) ಮುಖಕ್ಕಿಂತ ಹತ್ತು ಪಟ್ಟಿನಷ್ಟು ಹೆಚ್ಚು ಬೋರಾನ್ ಹೀರಿಕೊಳ್ಳಬಲ್ಲದು. ಹಾಗಾಗಿ ಅನಿಲದ ಪಿಪಿಎಂ ನೋಡಿ ಹಣ ಕಟ್ಟಬೇಡಿ. ಸಿಮ್ಸ್ ವಿಧಾನದಲ್ಲಿ (ಅಯಾನುಗಳಿಂದ ಪದರವನ್ನು ಕೊರೆದು, ಹೊರಬಂದ ಅಯಾನುಗಳನ್ನು ಎಣಿಸುವುದು) ಅಳೆದ, ಘನ ಸೆಂಟಿಮೀಟರಿಗೆ ಎಷ್ಟು ಎಂಬ ಅಂಕಿ ಕೇಳಿ. ಸಿಮ್ಸ್ ಕೂಡ ಪೂರ್ತಿ ಸತ್ಯ ಹೇಳುವುದಿಲ್ಲ: ಪದರದ ಸಣ್ಣ ಹರಳುಕಣಗಳ ಸಂದುಗಳಲ್ಲಿ ಸೇರಿಕೊಂಡ, ಜೋಡಿಯಾಗಿ ಕೂತು ನಿಷ್ಕ್ರಿಯವಾದ ಬೋರಾನನ್ನೂ ಅದು ಎಣಿಸುತ್ತದೆ. ಕಾಂತಕ್ಷೇತ್ರದಲ್ಲಿಟ್ಟು ವಿದ್ಯುತ್ ವಾಹಕಗಳನ್ನು ಎಣಿಸುವ ಹಾಲ್ ಅಳತೆಯದ್ದು ಬೇರೆಯೇ ಕಥೆ. ಇಷ್ಟು ಗಾಢವಾಗಿ ಬೆರೆಸಿದ ವಜ್ರದಲ್ಲಿ ಅದು ಕೊಡುವ ವಾಹಕಗಳ ಸಂಖ್ಯೆ ಅಲ್ಲಿರುವ ಬೋರಾನ್‌ಗಿಂತಲೂ ಹೆಚ್ಚು ಬರುವುದುಂಟು. ಹಾಲ್ ಅಂಕಿಯನ್ನೇ 'ಬೋರಾನ್ ಸಾಂದ್ರತೆ' ಎಂದು ಮುದ್ರಿಸಿರುವ ಪ್ರಮಾಣಪತ್ರವನ್ನು ನಂಬಲಾಗದು.

ಎರಡನೆಯದು ಸಂಕ್ರಮಣ ಉಷ್ಣಾಂಶವನ್ನು ಹೇಳುವ ರೀತಿ. 2004ರಲ್ಲಿ ರಷ್ಯಾದ ಟ್ರೊಯಿಟ್‌ಸ್ಕ್‌ನಲ್ಲಿ ಎಕಿಮೊವ್ ಮತ್ತು ಸಂಗಡಿಗರು ಗ್ರಾಫೈಟ್ ಹಾಗೂ ಬೋರಾನ್ ಕಾರ್ಬೈಡನ್ನು 8–9 ಗಿಗಾಪಾಸ್ಕಲ್ ಒತ್ತಡ, 2500–2800 ಕೆಲ್ವಿನ್ ಶಾಖದಲ್ಲಿ ಸುಮಾರು 5 ಸೆಕೆಂಡು ಇಟ್ಟು ಮೊದಲ ಅತಿವಾಹಕ ವಜ್ರ ಪಡೆದಾಗ, ರೋಧ ಇಳಿಯತೊಡಗಿದ್ದು 4 ಕೆಲ್ವಿನ್ ಸುತ್ತ, ಪೂರ್ತಿ ಶೂನ್ಯವಾದದ್ದು 2.3 ಕೆಲ್ವಿನ್‌ನಲ್ಲಿ. ಅದೇ ವರ್ಷ ಜಪಾನಿನ ತಕಾನೊ ತಂಡ ಮೈಕ್ರೋವೇವ್ ಪ್ಲಾಸ್ಮಾದಲ್ಲಿ ಬೆಳೆಸಿದ (111) ಪದರದಲ್ಲಿ ಆರಂಭ 7.4, ಶೂನ್ಯ 4.2. ಮುಂದಿನ ಪದರಗಳಲ್ಲಿ ಆರಂಭ 11.4, ಶೂನ್ಯ 7.2. ಆರಂಭಕ್ಕೂ ಶೂನ್ಯಕ್ಕೂ ನಡುವಿನ ಈ ಅಂತರ ಈ ವಸ್ತುವಿನ ಹುಟ್ಟುಗುಣ. ಮಾರಾಟಗಾರರು ಸಹಜವಾಗಿಯೇ ದೊಡ್ಡ ಅಂಕಿ, ಅಂದರೆ ಆರಂಭವನ್ನು ಬರೆಯುತ್ತಾರೆ. ನಿಮಗೆ ಬೇಕಿರುವುದು ರೋಧ ಇಳಿಯುವ ಮುಂಚಿನ ಮೌಲ್ಯದ 90 ಪ್ರತಿಶತ, 50 ಪ್ರತಿಶತ ಮತ್ತು ಶೂನ್ಯ ಆಗುವ ಮೂರು ಉಷ್ಣಾಂಶಗಳು, ಜೊತೆಗೆ ಇಡೀ ವಕ್ರರೇಖೆ.

ಇನ್ನು ಮಾರುಕಟ್ಟೆಯಲ್ಲಿ ಸಿಗುವ ಬಗೆಗಳು.

ಅತಿವಾಹಕತೆಗೆಂದೇ ಕೊಳ್ಳುವುದಾದರೆ ನನ್ನ ಮೊದಲ ಆಯ್ಕೆ ಆಕ್ಸೈಡ್‌ನ ಅವಾಹಕ ಹೊದಿಕೆ ಇರುವ ಸಿಲಿಕಾನ್ ವೇಫರ್ (ತೆಳು ಬಿಲ್ಲೆ) ಮೇಲೆ ಬೆಳೆಸಿದ ನ್ಯಾನೋಸ್ಫಟಿಕ ಪದರ, ಅಂದರೆ ನ್ಯಾನೋಮೀಟರ್ ಗಾತ್ರದ ಹರಳುಕಣಗಳ ಪದರ. ಸುಮಾರು 5 ನ್ಯಾನೋಮೀಟರ್ ಗಾತ್ರದ ವಜ್ರದ ಬೀಜಗಳನ್ನು ಚದರ ಸೆಂಟಿಮೀಟರಿಗೆ 10¹¹ಕ್ಕಿಂತ ಹೆಚ್ಚು ಬಿತ್ತಿ, ಹೈಡ್ರೋಜನ್, ಮೀಥೇನ್ ಮತ್ತು ಟ್ರೈಮೀಥೈಲ್ ಬೋರಾನ್ ಅಥವಾ ಡೈಬೋರೇನ್ ಅನಿಲಗಳ ಪ್ಲಾಸ್ಮಾದಲ್ಲಿ 700–850 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಳೆಸುತ್ತಾರೆ. ಒಳ್ಳೆಯ ಪದರ 2 ರಿಂದ 4 ಕೆಲ್ವಿನ್ ನಡುವೆ ಶೂನ್ಯಕ್ಕೆ ಇಳಿಯುತ್ತದೆ. ಬಿತ್ತನೆ ತೆಳುವಾಗಿದ್ದರೆ ಪದರದಲ್ಲಿ ಸೂಜಿರಂಧ್ರಗಳು ಉಳಿಯುತ್ತವೆ. ಮೀಥೇನ್ ಹೆಚ್ಚಾದರೆ ಕಣಗಳ ಸಂದುಗಳಲ್ಲಿ ವಜ್ರವಲ್ಲದ ಇಂಗಾಲ ತುಂಬಿಕೊಂಡು ಸಂಕ್ರಮಣ ಕೆಳಗಿಳಿಯುತ್ತದೆ, ಅಗಲವಾಗುತ್ತದೆ. ಕಣಗಳು ಮೇಲೆ ಹೋದಂತೆ ದೊಡ್ಡದಾಗುವುದರಿಂದ ತಳದ ಹತ್ತಾರು ನ್ಯಾನೋಮೀಟರ್ ಯಾವಾಗಲೂ ಕಳಪೆ. ಆದ್ದರಿಂದ 100 ನ್ಯಾನೋಮೀಟರಿಗಿಂತ ತೆಳುವಾದ ಪದರ ಬೇಡ, 300 ರಿಂದ 500 ತೆಗೆದುಕೊಳ್ಳಿ. ಮೇಲ್ಮೈ ಒರಟಾಗಿಯೇ ಬರುತ್ತದೆ. ವಿದ್ಯುತ್ ರೋಧದ ಅಳತೆಗೆ ಅದು ತೊಂದರೆಯಲ್ಲ, ಲಿಥೋಗ್ರಫಿ (ಪದರದ ಮೇಲೆ ಸೂಕ್ಷ್ಮ ವಿನ್ಯಾಸ ಮೂಡಿಸುವುದು) ಮಾಡುವವರಿಗೆ ತೊಂದರೆ.

ಈ ಬಗೆಯಲ್ಲಿ 'ಆಕ್ಸೈಡ್' ಎಂಬ ಪದವನ್ನು ಎಂದೂ ಬಿಡಬೇಡಿ. ಬರೀ ಪಿ ಮಾದರಿ ಸಿಲಿಕಾನ್ ಮೇಲೆ ಬೆಳೆಸಿದ್ದು ಅಗ್ಗ, ಆದರೆ ಅಳತೆಗೆ ಮೋಸ. 1 ರಿಂದ 10 ಓಮ್-ಸೆಂ.ಮೀ. ರೋಧಶೀಲತೆಯ 500 ಮೈಕ್ರಾನ್ ವೇಫರ್‌ನ ಶೀಟ್ ರೋಧ (ರೋಧಶೀಲತೆ ಭಾಗಿಸು ದಪ್ಪ) ಚದರಕ್ಕೆ 20 ರಿಂದ 200 ಓಮ್. ಮೇಲಿನ ವಜ್ರದ ಪದರದ್ದೂ ಅದೇ ಆಸುಪಾಸು. ಕೋಣೆಯ ಉಷ್ಣಾಂಶದಲ್ಲಿ ನೀವು ಅಳೆಯುವುದು ವಜ್ರವನ್ನೋ ಸಿಲಿಕಾನನ್ನೋ ಹೇಳಲಾಗದು. ತಣಿಸುತ್ತಾ ಹೋದಂತೆ ಸಿಲಿಕಾನಿನ ವಾಹಕಗಳು ಹೆಪ್ಪುಗಟ್ಟಿ ರೋಧ ಏರುತ್ತದೆ, ನೋಡುವವರು ವಜ್ರವೇ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಅದಕ್ಕೂ ಮಿಗಿಲಾಗಿ ಬೆಳೆಸುವ ಶಾಖದಲ್ಲಿ ಬೋರಾನ್ ಸಿಲಿಕಾನಿನೊಳಕ್ಕೆ ಇಳಿದು, ಎಂಥ ಚಳಿಯಲ್ಲೂ ಹೆಪ್ಪುಗಟ್ಟದ ಒಂದು ವಾಹಕ ತಳ ಉಂಟಾಗಬಹುದು. ಅರ್ಧ ಮೈಕ್ರಾನ್ ಆಕ್ಸೈಡ್ ಇದ್ದರೆ ಇವೆಲ್ಲ ತಪ್ಪುತ್ತವೆ. ಗಾಜಿನಂಥ ಫ್ಯೂಸ್ಡ್ ಸಿಲಿಕಾ ತಳ ಕೇಳುವವರೂ ಇದ್ದಾರೆ. ಅದು ತಣಿಯುವಾಗ ವಜ್ರಕ್ಕಿಂತ ಕಡಿಮೆ ಕುಗ್ಗುವುದರಿಂದ ಪದರ ಎಳೆತಕ್ಕೆ ಸಿಕ್ಕಿ, ದಪ್ಪವಾದಷ್ಟೂ ಬಿರುಕು ಬಿಡುತ್ತದೆ. ಸಿಲಿಕಾನ್ ವಜ್ರಕ್ಕಿಂತ ಹೆಚ್ಚು ಕುಗ್ಗಿ ಪದರವನ್ನು ಒತ್ತಿ ಹಿಡಿಯುತ್ತದೆ. ಅಂಟು ಚೆನ್ನಾಗಿದ್ದರೆ ಅದೇ ಕ್ಷೇಮ.

ನಿಯೋಬಿಯಂ ಅಥವಾ ಟ್ಯಾಂಟಲಂ ತಗಡಿನ ಮೇಲೆ ವಜ್ರ ಲೇಪಿಸಿದ ವಿದ್ಯುದ್ವಾರ ಸುಲಭವಾಗಿ, ಬೇಗ ಸಿಗುತ್ತದೆ. ನೀರು ಶುದ್ಧೀಕರಣಕ್ಕೆ ಇದು ಗಟ್ಟಿಮುಟ್ಟಾದ, ಹೊಗಳಬೇಕಾದ ಸರಕು. ಅತಿವಾಹಕತೆಯ ಅಧ್ಯಯನಕ್ಕೆ ಮಾತ್ರ ಇದನ್ನು ಮುಟ್ಟಲೇಬೇಡಿ. ನಿಯೋಬಿಯಂ 9.2 ಕೆಲ್ವಿನ್‌ನಲ್ಲಿ, ಟ್ಯಾಂಟಲಂ ಸುಮಾರು 4.5 ಕೆಲ್ವಿನ್‌ನಲ್ಲಿ ತಾವೇ ಅತಿವಾಹಕಗಳು. ಬೆಳೆಸುವಾಗ ನಡುವೆ ಹುಟ್ಟುವ ನಿಯೋಬಿಯಂ ಕಾರ್ಬೈಡ್ 11 ಕೆಲ್ವಿನ್ ಸುತ್ತಮುತ್ತ ಅತಿವಾಹಕವಾಗುತ್ತದೆ. ಈ ಅಂಕಿ ಜಪಾನೀ ಪದರದ 11.4ಕ್ಕೆ ಎಷ್ಟು ಹತ್ತಿರವಿದೆ ನೋಡಿ. ತಣಿಸಿದರೆ ಅಂದವಾದ, ಚೂಪಾದ ಇಳಿತ ಕಾಣುತ್ತದೆ. ಅದಕ್ಕೂ ಮೇಲಿನ ವಜ್ರಕ್ಕೂ ಸಂಬಂಧವಿರುವುದಿಲ್ಲ. ಈಗಾಗಲೇ ಕೊಂಡಿದ್ದರೆ ಒಂದು ಪರೀಕ್ಷೆ ಇದೆ: 4.2 ಕೆಲ್ವಿನ್‌ನಲ್ಲಿ 1 ಟೆಸ್ಲಾ ಕಾಂತಕ್ಷೇತ್ರ ಕೊಡಿ. ಶುದ್ಧ ನಿಯೋಬಿಯಂನ ಅತಿವಾಹಕತೆ ಅಲ್ಲಿ ಪೂರ್ತಿ ಸಾಯುತ್ತದೆ. ಆದರೆ ಕಾರ್ಬೈಡ್ ಪದರವನ್ನು ಈ ಪರೀಕ್ಷೆಯೊಂದರಿಂದಲೇ ಹೊರಗಿಡಲಾಗದು. ಹಾಗಾಗಿ ಲೋಹದ ತಳದ ಮೇಲಿನ ಯಾವ ಫಲಿತಾಂಶವನ್ನೂ ವಜ್ರದ ಲೆಕ್ಕಕ್ಕೆ ಬರೆಯದಿರುವುದೇ ಸರಿ.

ತಳವಿಲ್ಲದ, ಅರ್ಧ ಮಿಲಿಮೀಟರಿನಷ್ಟು ದಪ್ಪದ ಕಪ್ಪು ಬಹುಸ್ಫಟಿಕ ಹಲ್ಲೆಗಳು ನೋಡಲು ಗಂಭೀರ, ಹಿಡಿಯಲು ಸುಲಭ, ಸಂಪರ್ಕ ಕಟ್ಟಲೂ ಸುಲಭ. ವಿದ್ಯುದ್ವಾರ ದರ್ಜೆಯವುಗಳಲ್ಲಿ ಬೋರಾನ್ ಸಾಮಾನ್ಯವಾಗಿ ವಜ್ರ ಲೋಹದಂತಾಗುವ ಆ ಗಡಿಯ ಎರಡೂ ಪಕ್ಕದಲ್ಲಿ ಓಲಾಡುತ್ತಿರುತ್ತದೆ. 1 ಕೆಲ್ವಿನ್‌ಗಿಂತ ಕೆಳಗೆ ಹೋಗಬಲ್ಲ ಡೈಲ್ಯೂಷನ್ ಫ್ರಿಜ್ ಇರುವವರಿಗೆ ಇದೇ ಸ್ವಾರಸ್ಯ: ಲೋಹ ಮತ್ತು ಅವಾಹಕದ ನಡುವಿನ ಗಡಿಯಲ್ಲಿ ಅತಿವಾಹಕತೆ ಹೇಗೆ ಹುಟ್ಟುತ್ತದೆ ಎಂದು ನೋಡಬಹುದು. 1.9 ಕೆಲ್ವಿನ್‌ವರೆಗೆ ಮಾತ್ರ ಇಳಿಯುವ ಯಂತ್ರವಿರುವವರಿಗೆ ನಿರಾಶೆಯೇ ಹೆಚ್ಚು.

ಏಕಸ್ಫಟಿಕ ವಜ್ರದ ಮೇಲೆ ಬೆಳೆಸಿದ (111) ಅಥವಾ (100) ಪದರ ಎಲ್ಲಕ್ಕಿಂತ ಶುದ್ಧ ಭೌತವಿಜ್ಞಾನ ಕೊಡುತ್ತದೆ, ಬೆಲೆಯೂ ಹಾಗೆಯೇ. ಹರಳು ಕೆಲವೇ ಮಿಲಿಮೀಟರ್. ಸಾಮಾನ್ಯವಾಗಿ ಸಂಶೋಧನಾ ತಂಡಗಳ ಸಹಯೋಗದಲ್ಲಿ ಪಡೆಯುವುದೇ ದಾರಿ.

ಬೋರಾನ್ ಬೆರೆಸಿದ ಅಧಿಕ ಒತ್ತಡದ ಕಪ್ಪು ವಜ್ರದ ಪುಡಿ ಕಿಲೋಗಟ್ಟಲೆ ಸಿಗುತ್ತದೆ, ಅದು ಉಜ್ಜುವ ಕೆಲಸಕ್ಕೆ. ಅದರೊಳಗೆ ವೇಗವರ್ಧಕವಾಗಿ ಬಳಸಿದ ಕಬ್ಬಿಣ, ನಿಕಲ್, ಕೋಬಾಲ್ಟ್‌ನ ಚೂರುಗಳು ಉಳಿದಿರುತ್ತವೆ. ಅವುಗಳ ಕಾಂತೀಯ ಸಂಕೇತದ ಮುಂದೆ ಮೈಸ್ನರ್ ಪರಿಣಾಮದ (ಅತಿವಾಹಕ ಕಾಂತಕ್ಷೇತ್ರವನ್ನು ಹೊರದೂಡುವುದು) ಸಣ್ಣ ಸಂಕೇತ ಹುಡುಕುವುದು ಜಾತ್ರೆಯಲ್ಲಿ ಪಿಸುಮಾತು ಕೇಳಿಸಿಕೊಂಡಂತೆ. ಟ್ರೊಯಿಟ್‌ಸ್ಕ್ ಮಾದರಿಯ ಗಟ್ಟಿ ಉಂಡೆಗಳೂ ಪ್ರಶ್ನಾತೀತವಲ್ಲ. ಅಂಥವುಗಳಲ್ಲಿ ಅತಿವಾಹಕವಾಗುವುದು ಕಣಗಳೊಳಗಿನ ವಜ್ರವಲ್ಲ, ಕಣಗಳ ನಡುವಿನ ತೆಳುವಾದ ಬೋರಾನ್-ಇಂಗಾಲ ಪದರ ಎಂಬ ವಾದವನ್ನು ಡುಬ್ರೊವಿನ್‌ಸ್ಕಾಯಾ ತಂಡ 2008ರಲ್ಲಿ ಸೂಕ್ಷ್ಮರಚನೆಯ ಸಾಕ್ಷ್ಯದೊಂದಿಗೆ ಮುಂದಿಟ್ಟಿತು. ಪ್ಲಾಸ್ಮಾದಲ್ಲಿ ಬೆಳೆಸಿದ ಏಕಸ್ಫಟಿಕ ಪದರಗಳಲ್ಲೂ ಅತಿವಾಹಕತೆ ಕಂಡಿರುವುದರಿಂದ ವಜ್ರವೇ ಅತಿವಾಹಕ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಪುಡಿ, ಉಂಡೆಗಳ ವಿಷಯದಲ್ಲಿ ಆ ಎಚ್ಚರ ಇರಲೇಬೇಕು.

ಪೊಟ್ಟಣ ಕೈಗೆ ಬಂದ ದಿನವೇ ಮಾಡಬೇಕಾದ ಎರಡು ಪರೀಕ್ಷೆಗಳಿವೆ. ಎರಡಕ್ಕೂ ಹೀಲಿಯಂ ಬೇಡ.

ಒಂದು, ನಾಲ್ಕು ಮೊನೆಗಳ ಪ್ರೋಬ್. ಅತಿವಾಹಕವಾಗುವ ನ್ಯಾನೋಸ್ಫಟಿಕ ಪದರದ ರೋಧಶೀಲತೆ ಕೋಣೆಯಲ್ಲಿ ಕೆಲವು ಮಿಲಿಓಮ್-ಸೆಂ.ಮೀ. ಇರಬೇಕು. 2 ಮಿಲಿಓಮ್-ಸೆಂ.ಮೀ. ಎಂದಿಟ್ಟುಕೊಂಡರೆ 500 ನ್ಯಾನೋಮೀಟರ್ ಪದರದ ಶೀಟ್ ರೋಧ ಚದರಕ್ಕೆ 40 ಓಮ್. ಇಲ್ಲಿ ಹಲವರು ಮಾಡುವ ತಪ್ಪೆಂದರೆ ಮೀಟರ್ ಅಂಕಿಯನ್ನು ಶೀಟ್ ರೋಧವಾಗಿಸಲು ಸಣ್ಣ ತುಂಡಿಗೂ 4.53 ಎಂಬ ಗುಣಕವನ್ನೇ ಹಾಕುವುದು. ಅದು ಅಗಲವಾದ ವೇಫರ್‌ಗೆ. 5 ಮಿ.ಮೀ. ಚೌಕದ ತುಂಡಿನ ನಡುವೆ 1 ಮಿ.ಮೀ. ಅಂತರದ ಮೊನೆಗಳನ್ನಿಟ್ಟರೆ ಗುಣಕ ಸುಮಾರು 3.5. ಹಾಗಾಗಿ ಮೀಟರ್‌ನಲ್ಲಿ ವೋಲ್ಟೇಜ್ ಭಾಗಿಸು ಪ್ರವಾಹ ಸುಮಾರು 11 ಓಮ್ ಬರಬೇಕು. 100 ಓಮ್ ಮೀರಿ ಬಂದರೆ ಆ ತುಂಡನ್ನು ತಣಿಸುವ ಮುನ್ನ ಮಾರಾಟಗಾರರಿಗೆ ಪತ್ರ ಬರೆಯಿರಿ.

ಎರಡು, ರಾಮನ್ ರೋಹಿತ, ಅಂದರೆ ಲೇಸರ್ ಬೆಳಕು ತುಂಡಿನಿಂದ ಚದುರುವಾಗ ಅದರ ಬಣ್ಣದಲ್ಲಾಗುವ ಬದಲಾವಣೆಯ ನಕ್ಷೆ. ವಜ್ರದ 1332 ತರಂಗಸಂಖ್ಯೆಯ ಚೂಪು ಗೆರೆ ಬೆಂಗಳೂರಿಗೆ ಹೊಸದಲ್ಲ, ಸಿ.ವಿ. ರಾಮನ್ ಇಲ್ಲಿ ವರ್ಷಾನುಗಟ್ಟಲೆ ವಜ್ರಗಳನ್ನು ಅಭ್ಯಾಸ ಮಾಡಿದರು, ಅವರ ಹರಳುಗಳ ಸಂಗ್ರಹ ರಾಮನ್ ಸಂಶೋಧನಾ ಸಂಸ್ಥೆಯಲ್ಲಿದೆ. ನಿಮ್ಮ ಪದರದಲ್ಲಿ ಆ ಗೆರೆ ಹಾಗೇ ಚೂಪಾಗಿ ನಿಂತಿದ್ದರೆ ಸಂತೋಷಪಡಬೇಡಿ, ಬೋರಾನ್ ಸಾಲದು ಎಂದರ್ಥ. ಬೇಕಾದಷ್ಟು ಬೋರಾನ್ ಇದ್ದಾಗ ಗೆರೆ ಕೆಳಗೆ ಸರಿದು, ಕುಗ್ಗಿ, ಫಾನೊ ಆಕಾರದಲ್ಲಿ, ಅಂದರೆ ಎರಡು ಪಕ್ಕ ಸಮನಿಲ್ಲದಂತೆ, ಸೊಟ್ಟಗಾಗುತ್ತದೆ; 500 ಮತ್ತು 1225ರ ಸುತ್ತ ಎರಡು ಅಗಲವಾದ ದಿಬ್ಬಗಳು ಏಳುತ್ತವೆ. 500ರ ದಿಬ್ಬ ಬೋರಾನ್ ಹೆಚ್ಚಿದಂತೆ ಇನ್ನೂ ಕೆಳಗೆ ಸರಿಯುವುದರಿಂದ ತುಂಡಿನ ನಾಲ್ಕು ಮೂಲೆ, ನಡುವೆ ಹೀಗೆ ಐದು ಕಡೆ ತೆಗೆದು ಹೋಲಿಸಿದರೆ ಪದರ ಸಮನಾಗಿದೆಯೇ ಎಂಬುದೂ ಗೊತ್ತಾಗುತ್ತದೆ. ಪ್ಲಾಸ್ಮಾದ ಅಂಚಿಗೆ ಬಂದ ವೇಫರ್ ತುದಿಗಳಲ್ಲಿ ವ್ಯತ್ಯಾಸ ಸಾಮಾನ್ಯ. 1580ರ ಕಡೆ ದೊಡ್ಡ ಉಬ್ಬು ಕಂಡರೆ ವಜ್ರವಲ್ಲದ ಇಂಗಾಲ ಹೆಚ್ಚಿದೆ.

ತುಂಡು ಮಾಡುವುದು: ಸಿಲಿಕಾನಿನ ಹಿಂಬದಿಯಲ್ಲಿ ವಜ್ರದ ಮೊನೆಯಿಂದ ಗೀರಿ ಮುರಿಯಿರಿ. ಲೇಸರ್ ಕತ್ತರಿ ಅಂಚನ್ನು ಗ್ರಾಫೈಟ್ ಮಾಡಿ ಪಕ್ಕದಲ್ಲೊಂದು ಕಳ್ಳದಾರಿ ತೆರೆಯುತ್ತದೆ. ಮಾರಾಟಗಾರರೇ ಲೇಸರ್‌ನಿಂದ ಕತ್ತರಿಸಿ ಕಳಿಸುತ್ತಾರಾದರೆ ಅಂಚನ್ನು ಬಿಸಿ ಆಮ್ಲದಲ್ಲಿ ತೊಳೆದಿದ್ದಾರೆಯೇ ಎಂದು ಕೇಳಿಕೊಳ್ಳಿ.

ಸಂಪರ್ಕಗಳ ವಿಷಯದಲ್ಲಿ ಈ ವಸ್ತು ಸಾಧು. ಲೋಹದಂಥ ವಾಹಕತೆ ಇರುವುದರಿಂದ ಸಿಲ್ವರ್ ಪೇಸ್ಟ್‌ನಿಂದ 25 ಮೈಕ್ರಾನ್ ಚಿನ್ನದ ತಂತಿ ಅಂಟಿಸಿದರೂ ಮೊದಲ ನೋಟಕ್ಕೆ ಸಾಕು. ಬಹುಕಾಲ ಬಾಳಬೇಕಾದರೆ ಅಸಿಟೋನ್, ಐಸೊಪ್ರೊಪನಾಲ್‌ನಲ್ಲಿ ತೊಳೆದು, ಒಂದು ನಿಮಿಷ ಆಕ್ಸಿಜನ್ ಪ್ಲಾಸ್ಮಾ ಕೊಟ್ಟು, ಟೈಟಾನಿಯಂ 30, ಪ್ಲಾಟಿನಂ 30, ಚಿನ್ನ 200 ನ್ಯಾನೋಮೀಟರ್ ಕೂರಿಸಿ, ನಿರ್ವಾತದಲ್ಲಿ 450–500 ಡಿಗ್ರಿಯಲ್ಲಿ ಹತ್ತು ನಿಮಿಷ ಕಾಯಿಸಿ. ಟೈಟಾನಿಯಂ ವಜ್ರದೊಡನೆ ಕಾರ್ಬೈಡ್ ಕಟ್ಟಿಕೊಂಡು ಹಿಡಿಯುತ್ತದೆ. ಬರೀ ಚಿನ್ನ ಸಿಪ್ಪೆಯಂತೆ ಏಳುತ್ತದೆ. ಬೆಸುಗೆ ಮಾತ್ರ ಬೇಡ. ಸೀಸ-ತವರದ ಬೆಸುಗೆ 7 ಕೆಲ್ವಿನ್ ಸುತ್ತ, ತವರ 3.7, ಇಂಡಿಯಂ 3.4 ಕೆಲ್ವಿನ್‌ನಲ್ಲಿ ಅತಿವಾಹಕ. ಅಚ್ಚುಕಟ್ಟಾದ ನಾಲ್ಕು ತಂತಿಯ ಅಳತೆಯಲ್ಲಿ ಅದು ತೊಂದರೆ ಕೊಡದು, ಆದರೆ ಎರಡು ಸಂಪರ್ಕಗಳ ನಡುವೆ ಒಂದು ಹನಿ ಹರಡಿದ್ದರೆ ರೇಖೆಯಲ್ಲಿ ಮೆಟ್ಟಿಲು ಮೂಡುತ್ತದೆ. ಅಯಾನು ಕಿರಣದಿಂದ ಟಂಗ್‌ಸ್ಟನ್ ಬರೆದು ಸಂಪರ್ಕ ಮಾಡುವುದೂ ಅಷ್ಟೇ ಅಪಾಯ. ಆ ಟಂಗ್‌ಸ್ಟನ್ 5 ಕೆಲ್ವಿನ್ ಸುತ್ತ ಅತಿವಾಹಕ.

ತಣಿಸುವಾಗ ಮೊದಲು 300ರಿಂದ 10 ಕೆಲ್ವಿನ್‌ವರೆಗಿನ ನಡೆ ನೋಡಿ. ಬಹುಸ್ಫಟಿಕ ಪದರದ ರೋಧ ತಣಿದಂತೆ ಸ್ವಲ್ಪ ಏರುವುದು ಸಹಜ. ಒಂದೂವರೆ, ಎರಡು ಪಟ್ಟು ಏರಿದರೂ ಅತಿವಾಹಕವಾಗುವ ಪದರಗಳಿವೆ. ಹತ್ತು ಪಟ್ಟು ಏರಿದರೆ ಅಲ್ಲಿಗೇ ನಿಲ್ಲಿಸಿ, ಮುಂದಿನ ಹೀಲಿಯಂ ಉಳಿಸಿ. ಪ್ರವಾಹ 1 ಮೈಕ್ರೋಆಂಪಿಯರ್‌ನಿಂದ ಶುರುಮಾಡಿ, ದಿಕ್ಕು ಬದಲಿಸಿ ಸರಾಸರಿ ತೆಗೆಯಿರಿ. ಇಲ್ಲವಾದರೆ ತಂತಿಗಳಲ್ಲಿನ ಉಷ್ಣವಿದ್ಯುತ್ ವೋಲ್ಟೇಜ್ ಸೇರಿಕೊಂಡು ಶೂನ್ಯ ಶೂನ್ಯವಾಗಿ ಕಾಣುವುದಿಲ್ಲ. ನಂತರ 10 ಮೈಕ್ರೋಆಂಪಿಯರ್‌ನಲ್ಲಿ ಮತ್ತೊಮ್ಮೆ. ರೇಖೆಯ ಬಾಲ, ಅಂದರೆ ಶೂನ್ಯದ ಹತ್ತಿರದ ಭಾಗ ಮಾತ್ರ ಸರಿದರೆ ಕಣಗಳ ನಡುವಿನ ಕೊಂಡಿಗಳು ದುರ್ಬಲ; ಇಡೀ ರೇಖೆ ಸರಿದರೆ ತುಂಡು ಬಿಸಿಯಾಗುತ್ತಿದೆ. ನಿಮಿಷಕ್ಕೆ 0.1–0.2 ಕೆಲ್ವಿನ್ ವೇಗದಲ್ಲಿ ಇಳಿಸಿ, ಅದೇ ವೇಗದಲ್ಲಿ ಏರಿಸಿ. ಎರಡು ರೇಖೆಗಳು ಕೂಡದಿದ್ದರೆ ಉಷ್ಣಮಾಪಕ ತುಂಡಿನಿಂದ ದೂರವಿದೆ ಎಂದೇ ತಿಳಿಯಬೇಕು. ಇಡೀ ಕಥೆ 2ರಿಂದ 4 ಕೆಲ್ವಿನ್ ನಡುವೆ ನಡೆಯುವಾಗ 0.3 ಕೆಲ್ವಿನ್ ತಪ್ಪು ಸಣ್ಣದಲ್ಲ.

ಕೊನೆಗೆ ಕಾಂತಕ್ಷೇತ್ರ. ಇದು ಎರಡನೇ ಬಗೆಯ ಅತಿವಾಹಕ, ಅಂದರೆ ಕಾಂತಕ್ಷೇತ್ರ ಭಾಗಶಃ ಒಳಹೊಕ್ಕರೂ ಅತಿವಾಹಕತೆ ಉಳಿಸಿಕೊಳ್ಳುವಂಥದ್ದು. ಟ್ರೊಯಿಟ್‌ಸ್ಕ್ ವಜ್ರಕ್ಕೆ ಮೇಲಿನ ನಿರ್ಣಾಯಕ ಕ್ಷೇತ್ರ (ಅದನ್ನು ಮೀರಿದರೆ ಅತಿವಾಹಕತೆ ಸಾಯುತ್ತದೆ) 3.5 ಟೆಸ್ಲಾ ಎಂದಿಟ್ಟರೆ ಸಂಬದ್ಧತೆಯ ಉದ್ದ (ಜೋಡಿಯಾದ ವಾಹಕಗಳ ಹರವು) 10 ನ್ಯಾನೋಮೀಟರ್ ಆಸುಪಾಸು ಬರುತ್ತದೆ. ಕ್ಷೇತ್ರ ಏರಿಸಿದಂತೆ ಇಳಿತ ಎಡಕ್ಕೆ (ಕಡಿಮೆ ಉಷ್ಣಾಂಶದ ಕಡೆಗೆ) ಸರಿಯುತ್ತಾ ಹೋಗಬೇಕು, 9 ಟೆಸ್ಲಾದಲ್ಲಿ 2 ಕೆಲ್ವಿನ್‌ವರೆಗೂ ಕಾಣಬಾರದು. ಹಾಗೆ ಸರಿಯದ ಮೆಟ್ಟಿಲು ಯಾವುದೋ ಸಂಪರ್ಕ ಬಿಟ್ಟಿರುವ ಸೂಚನೆ. ಈ ಕ್ಷೇತ್ರ ಸಹಿಷ್ಣುತೆಯೇ ಈ ವಸ್ತುವಿನ ನಿಜವಾದ ಬಲ: ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ನ್ಯಾನೋಸ್ಫಟಿಕ ವಜ್ರದಿಂದ ಮಾಡಿದ ಸ್ಕ್ವಿಡ್ (ಅತಿಸಣ್ಣ ಕಾಂತಕ್ಷೇತ್ರ ಅಳೆಯುವ ಅತಿವಾಹಕ ಉಂಗುರ) 4 ಟೆಸ್ಲಾದವರೆಗೂ ಕೆಲಸ ಮಾಡಿದ್ದನ್ನು 2011ರಲ್ಲಿ ಪ್ರಕಟಿಸಿದರು. ಅಲ್ಯೂಮಿನಿಯಂ ಸ್ಕ್ವಿಡ್‌ನಿಂದ ಅದನ್ನು ನಿರೀಕ್ಷಿಸಲಾಗದು.

ಯಾರು ಕೊಳ್ಳಬಹುದು? 2 ಕೆಲ್ವಿನ್‌ಗೆ ಇಳಿಯುವ ಕ್ರಯೋಸ್ಟಾಟ್ ಮತ್ತು ಕಾಂತ ಇರುವ, ಅತಿವಾಹಕ ಉಪಕರಣ ಅಥವಾ ಕಂಪನಶೀಲ ನ್ಯಾನೋ ತೊಲೆಗಳನ್ನು ಮಾಡುವ ತಂಡಕ್ಕೆ ಆಕ್ಸೈಡ್ ಮೇಲಿನ ನ್ಯಾನೋಸ್ಫಟಿಕ ಪದರವನ್ನು ಧೈರ್ಯವಾಗಿ ಹೇಳುತ್ತೇನೆ. ದ್ರವ ಹೀಲಿಯಂ ಪಾತ್ರೆಯಲ್ಲಿ ಅದ್ದುವ ಕಡ್ಡಿ ಮಾತ್ರ ಇರುವವರಿಗೆ ಬೇಡ, 4.2ರಲ್ಲಿ ನಿಂತುಬಿಡುವ ಅಳತೆಗೆ ಹೆಚ್ಚಿನ ಪದರಗಳು ಏನನ್ನೂ ತೋರಿಸುವುದಿಲ್ಲ. ಹೀಲಿಯಂ ಮೇಲಿನ ಒತ್ತಡವನ್ನು ಪಂಪಿನಿಂದ ಇಳಿಸಿ 1.5 ಕೆಲ್ವಿನ್ ತಲುಪುವ ಏರ್ಪಾಡಾದರೂ ಇರಬೇಕು. ಕಾಲೇಜಿನಲ್ಲಿ ವಿದ್ಯಾರ್ಥಿಗಳಿಗೆ ಅತಿವಾಹಕತೆ ತೋರಿಸಬೇಕೆಂದಿರುವ ಅಧ್ಯಾಪಕರು ಇದರ ಬದಲು ಯಿಟ್ರಿಯಂ ಬೇರಿಯಂ ತಾಮ್ರದ ಆಕ್ಸೈಡ್ ಬಿಲ್ಲೆ ಕೊಳ್ಳಲಿ. ದ್ರವ ಸಾರಜನಕದ 77 ಕೆಲ್ವಿನ್‌ನಲ್ಲೇ ಅಯಸ್ಕಾಂತ ತೇಲುತ್ತದೆ, ಮಕ್ಕಳ ಕಣ್ಣೂ ಅರಳುತ್ತದೆ.

ಆರ್ಡರ್ ಪತ್ರದಲ್ಲಿ ಹೀಗೆ ಬರೆಯಿರಿ: ತಳ, 500 ನ್ಯಾನೋಮೀಟರ್ ಆಕ್ಸೈಡ್ ಇರುವ ಸಿಲಿಕಾನ್. ಪದರದ ದಪ್ಪ 300ರಿಂದ 500 ನ್ಯಾನೋಮೀಟರ್. ಸಿಮ್ಸ್ ಪ್ರಕಾರ ಬೋರಾನ್ ಘನ ಸೆಂ.ಮೀ.ಗೆ 2×10²¹ಕ್ಕೆ ಕಡಿಮೆಯಿಲ್ಲದಂತೆ. ರೋಧಶೀಲತೆ 3 ಮಿಲಿಓಮ್-ಸೆಂ.ಮೀ. ಮೀರದಂತೆ. ಅದೇ ವೇಫರ್‌ನ ಒಂದು ತುಂಡಿನ 10ರಿಂದ 2 ಕೆಲ್ವಿನ್‌ವರೆಗಿನ ರೋಧದ ರೇಖೆ, ಅಳೆದ ಪ್ರವಾಹದ ಸಮೇತ. ಕೊನೆಯದನ್ನು ಕೊಡಲಾಗದು ಎನ್ನುವವರಿಂದ ಇಡೀ ವೇಫರ್ ಬೇಡ, ಮೊದಲು 5 ಮಿ.ಮೀ. ಚೌಕದ ಎರಡು ತುಂಡು ತರಿಸಿ: ಒಂದು ವೇಫರ್‌ನ ನಡುವಿನದು, ಒಂದು ಅಂಚಿನದು.